ಮಾರ್ತಾಂಡರಾಯರ ಎಡಗಾಲಿನ ಬೂಟು

ಬೆಳಗಿನ ಎಂಟು ಗಂಟೆಗೆ ಮುಂಚೆ ಈ ಜಗತ್ತಿನಲ್ಲಿ ನಡೆಯುವುದೆಲ್ಲ ಕಿಡಿಗೇಡಿಗಳ ಕೆಲಸ ಎಂಬುದು ಮಾರ್ತಾಂಡರಾಯರ ಖಚಿತ ಅಭಿಪ್ರಾಯ. ಧಾರವಾಡ ಬಿಟ್ಟು ಪುಣೆಗೆ ಬಂದು, ಶಿವಾಜಿನಗರದ ವಿಮಾ ಕಚೇರಿಯಲ್ಲಿ ಕೂತು ಕೂತು, ಹುದ್ದೆಗೆ ತಕ್ಕ ಹೊಟ್ಟೆ ಬೆಳೆಸಿಕೊಂಡಿದ್ದ ಅವರಿಗೆ ಸ್ವಂತದ್ದು ಅಂತ ಉಳಿದಿದ್ದ ಸಾಮ್ರಾಜ್ಯ ಒಂದೇ: ಅವ್ವ ಹೊಲಿದುಕೊಟ್ಟ ಕೌದಿ ಮತ್ತು ಅದರೊಳಗಿನ ಮುಂಜಾವಿನ ನಿದ್ದೆ. ಆ ಸಾಮ್ರಾಜ್ಯದ ಮೇಲೆ 2004ರ ಚಳಿಗಾಲದಲ್ಲಿ ಅವರ ಧರ್ಮಪತ್ನಿ ಇಂದೂಬಾಯಿ ದಂಡೆತ್ತಿ ಬಂದರು. ತಾವು ದಿನಾ ನಸುಕಿನಲ್ಲಿ ತಳಜಾಯಿ ಗುಡ್ಡ ಹತ್ತುತ್ತಿದ್ದರಲ್ಲ, ಇನ್ನು ಮುಂದೆ ಗಂಡನೂ ಹತ್ತತಕ್ಕದ್ದು ಎಂದು ಫರ್ಮಾನು ಹೊರಟಿತು.

ಭೋಸರಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದ ಭಾವಮೈದುನ ವಿನೀತ ಆ ಭಾನುವಾರ ಊಟಕ್ಕೆ ಬಂದಿದ್ದ. ಅವನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಭಾವನವರು ಗುಡ್ಡ ಹತ್ತುವುದು ದೂರದ ಮಾತು, ಮನೆಯ ಕಟ್ಟೆ ಹತ್ತಿದರೂ ಪೇಢೆ ಹಂಚುತ್ತೇನೆ ಎಂದುಬಿಟ್ಟ. ತನ್ನ ಕ್ಲಬ್ಬಿನವರು ನಡೆಸುವ ಟ್ರಯಾಥ್ಲಾನ್ ಎಂಬ ಸ್ಪರ್ಧೆಯ ಸುದ್ದಿಯನ್ನೂ ಹೇಳಿದ. ಅದರಲ್ಲಿ ಈಜು, ಸೈಕಲ್ಲು, ಓಟ ಎಂದು ಮೂರು ಭಾಗಗಳಂತೆ. ಹವ್ಯಾಸಿಗಳಿಗಾಗಿ ಅದರದೇ ಒಂದು ಮರಿ ಸ್ಪರ್ಧೆಯೂ ಇದೆಯಂತೆ.

ರಾಯರು ಎಲೆಯ ಮುಂದೆಯೇ ಭೀಷ್ಮರಾದರು. "ನನ್ನ ಹೆಸರು ಬರಸು. ಮುಗಿಸಿದೆ ಅಂದ್ರ ನನ್ನ ಕೌದಿಗೆ ಯಾರೂ ಕೈ ಹಚ್ಚಬಾರದು. ಮುಗಿಸಲಿಲ್ಲ ಅಂದ್ರ ಸಾಯೂತನಕಾ ನಿಮ್ಮಕ್ಕನ ಹಿಂದ ಗುಡ್ಡ ಹತ್ತತೀನಿ."

ಇಂದೂಬಾಯಿ ತಮ್ಮನನ್ನು ಸಾಕ್ಷಿ ಮಾಡಿಕೊಂಡರು.

ರಾಯರ ಧೈರ್ಯಕ್ಕೆ ಕಾರಣವಿತ್ತು. ಪರೀಕ್ಷೆಯಲ್ಲಿ 'ಯಾವುದಾದರೂ ಒಂದಕ್ಕೆ ಉತ್ತರಿಸಿ' ಎನ್ನುತ್ತಾರಲ್ಲ, ಇದೂ ಹಾಗೆಯೇ ಎಂದು ಅವರು ತಿಳಿದಿದ್ದರು. ಹುಡುಗನಿದ್ದಾಗ ಅಜ್ಜನ ತೋಟದ ಬಾವಿಯಲ್ಲಿ ಈಜಿದ ದೇಹ ಅದು. ಈಜನ್ನು ಆರಿಸಿಕೊಂಡು ಅವರು ನಿಶ್ಚಿಂತರಾಗಿದ್ದರು. ಸ್ಪರ್ಧೆಯ ಹಿಂದಿನ ದಿನ, ವಿನೀತ ತನ್ನ ಹಳೆಯ ಸೈಕಲ್ಲು ತಂದು ಅಂಗಳದಲ್ಲಿ ನಿಲ್ಲಿಸಿದಾಗಲೇ ಅವರಿಗೆ ಮೊದಲ ಸಿಡಿಲು ಬಡಿದದ್ದು.

"ಮೂರೂ ಮಾಡಬೇಕೇನು?"

"ಮೂರೂ, ಭಾವಾ."

"ಒಂದ ದಿನಾ?"

"ಒಂದರ ಬೆನ್ನಿಗೆ ಒಂದು. ನಡುವ ಚಹಾನೂ ಇಲ್ಲ."

ಇಲ್ಲಿ ರಾಯರ ಒಂದು ವಿಶೇಷ ಅಭ್ಯಾಸವನ್ನು ಹೇಳಬೇಕು. ಮಠದ ಮುಂದೆ, ಮದುವೆಯ ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಹೊಸ ಹೊಸ ಚಪ್ಪಲಿಗಳನ್ನು ಕಳೆದುಕೊಂಡು ಬೆಂದವರು ಅವರು. ಅಂದಿನಿಂದ ಬಲಗಾಲಿನದನ್ನು ಒಂದು ಕಡೆ, ಎಡಗಾಲಿನದನ್ನು ದೂರದ ಇನ್ನೊಂದು ಕಡೆ ಬಿಡುತ್ತಿದ್ದರು. ಒಂಟಿ ಚಪ್ಪಲಿಯನ್ನು ಯಾವ ಕಳ್ಳ ಒಯ್ದಾನು? (ಯುಕ್ತಿ ಫಲಿಸಿತ್ತು. ಊಟ ಮುಗಿದ ಮೇಲೆ ಗಂಡ ಒಂಟಿಗಾಲಲ್ಲಿ ಕುಪ್ಪಳಿಸುತ್ತ ಹೊರಟಾಗ ಇಂದೂಬಾಯಿ ಮಾತ್ರ ಪರಿಚಯವಿಲ್ಲದವರಂತೆ ಬೇರೆ ಕಡೆ ನೋಡುತ್ತಿದ್ದರು.)

ಸ್ಪರ್ಧೆಯ ಮುಂಜಾನೆ ಈಜುಕೊಳದ ಪಕ್ಕದ ಬಯಲಲ್ಲಿ ಸೈಕಲ್ಲುಗಳ ಸಾಲು, ಪ್ರತಿ ಸೈಕಲ್ಲಿನ ಬುಡದಲ್ಲಿ ಒಂದು ಜೊತೆ ಬೂಟು. ಕಾಯುವವರು ಯಾರೂ ಇಲ್ಲ. ಇಂಥ ಬೇಜವಾಬ್ದಾರಿಯನ್ನು ಕಂಡು ರಾಯರು ಬೆಚ್ಚಿಬಿದ್ದರು. ಬಲಗಾಲಿನ ಬೂಟನ್ನು ಸೈಕಲ್ಲಿನ ಕೆಳಗಿಟ್ಟು, ಎಡಗಾಲಿನದನ್ನು ಬಯಲಿನ ಆ ತುದಿಯ ನಳದ ಹಿಂದೆ ಬಚ್ಚಿಟ್ಟರು. ಕನ್ನಡಕವೂ ಭದ್ರವಾಗಿರಲಿ ಎಂದು ಅದನ್ನೂ ಎಡಬೂಟಿನೊಳಗೇ ಇಟ್ಟರು.

ಈಜಿನ ವಿಷಯವನ್ನು ಚುಟುಕಾಗಿ ಮುಗಿಸೋಣ. ಬಾವಿಯಲ್ಲಿ ಈಜು ಕಲಿತವರಿಗೆ ಮೇಲೆ ಕೆಳಗೆ ಹೋಗುವುದು ಸೊಗಸಾಗಿ ಬರುತ್ತದೆ. ಮುಂದಕ್ಕೆ ಹೋಗುವ ಪ್ರಸಂಗ ಬಾವಿಯಲ್ಲಿ ಬರುವುದೇ ಇಲ್ಲ. ರಾಯರು ಕೊನೆಗೂ ನೀರಿನಿಂದ ಎದ್ದಾಗ ಬಯಲಲ್ಲಿ ಉಳಿದಿದ್ದುದು ಅವರದೊಂದೇ ಸೈಕಲ್ಲು. ಆಗ ಎರಡನೆಯ ಸಿಡಿಲು ಬಡಿಯಿತು. ಬೂಟು ಹುಡುಕಲು ಕನ್ನಡಕ ಬೇಕು, ಕನ್ನಡಕ ಬೂಟಿನಲ್ಲಿದೆ. ಕಣ್ಣಿಗೆ ಕಾಣುವ ಜಗತ್ತೆಲ್ಲ ಅಂಬಲಿ. ಸ್ವಯಂಸೇವಕರು ಬೇರೆ ಸೀಟಿ ಊದಿ ಅವಸರ ಮಾಡುತ್ತಿದ್ದರು. ರಾಯರು ಚಡ್ಡಿಯ ಮೇಲೆ ಬನಿಯನ್ನು ಏರಿಸಿ, ಬಲಗಾಲಿಗೆ ಬೂಟು ತೊಟ್ಟು, ಎಡಗಾಲನ್ನು ದೇವರಿಗೆ ಒಪ್ಪಿಸಿ ಸೈಕಲ್ಲು ಹತ್ತಿದರು.

ರಸ್ತೆಯಲ್ಲಿ ದೂರಕ್ಕೆ ಒಂದು ಕೆಂಪು ಮಬ್ಬು ಸೈಕಲ್ಲಿನ ಮೇಲೆ ಹೋಗುತ್ತಿತ್ತು. ಸ್ಪರ್ಧಿಯೇ ಸರಿ ಎಂದು ರಾಯರು ಅದರ ಬೆನ್ನು ಹತ್ತಿದರು. ಅದರಿಂದ ಠಣಠಣ ಸದ್ದು ಬರುತ್ತಿತ್ತು, ಇವನ ಯಂತ್ರ ಸಡಿಲಾಗಿದೆ ಎಂದು ಹಿಗ್ಗಿದರು. ಮಬ್ಬು ಹಿಂತಿರುಗಿ ನೋಡಿ ವೇಗ ಹೆಚ್ಚಿಸಿತು. ರಾಯರೂ ಬಿಡಲಿಲ್ಲ. ಸ್ವಾರಗೇಟ ದಾಟಿ, ಏರು ಹತ್ತಿ, ತಿರುವು ತಿರುಗಿ ಕೊನೆಗೆ ಅದು ನಿಂತದ್ದು ಬಿಬವೇವಾಡಿಯ ಒಂದು ಪರಿಚಿತ ಗೇಟಿನ ಮುಂದೆ. ಅದು ರಾಯರದೇ ಮನೆಯ ಗೇಟು. ಮಬ್ಬು ಅವರ ಹಾಲಿನ ಬಾಬು. ಹಾಲು ನೀರಾಗಿದೆ ಎಂದು ನಿನ್ನೆ ತಾನೆ ಬಾಯಿಸಾಹೇಬರಿಂದ ಬೈಸಿಕೊಂಡಿದ್ದ ಬಾಬು, ಯಜಮಾನರು ತೊಯ್ದ ಚಡ್ಡಿಯಲ್ಲಿ ಒಂಟಿ ಬೂಟು ತೊಟ್ಟು ಬೆನ್ನಟ್ಟಿ ಬಂದದ್ದು ಕಂಡು ನಡುಗಿಹೋಗಿದ್ದ. ನಾಳೆಯಿಂದ ಒಂದು ಹನಿ ನೀರೂ ಬೆರೆಸುವುದಿಲ್ಲ ಎಂದು ಮರಾಠಿಯಲ್ಲಿ ಆಣೆ ಮಾಡಿ ಓಡಿಹೋದ.

ರಾಯರು ಇನ್ನೂ ಸೋಲೊಪ್ಪಿರಲಿಲ್ಲ. ಕಪಾಟಿನಲ್ಲಿ ಹಳೆಯ ಕನ್ನಡಕವಿತ್ತಲ್ಲ. ಅದನ್ನು ಹಾಕಿಕೊಂಡು ತಿರುಗಿ ಹೋಗುವುದೆಂದು ತುಳಸಿ ಕುಂಡದ ಕೆಳಗಿನ ಕೀಲಿ ತಡವಿ ತೆಗೆದು ಒಳಗೆ ಹೋದರು. ಕಪಾಟು ಮಂಚದ ಆಚೆಗಿತ್ತು. ಮಂಚದ ಮೇಲೆ ಕೌದಿಯಿತ್ತು. ಉಸಿರು ತಿರುಗಲಿ ಎಂದು ಅವರು ಒಂದು ಗಳಿಗೆ ಕೂತರು.

ಇತ್ತ ಸ್ಪರ್ಧೆ ನೋಡಲು ಬಯಲಿಗೆ ಬಂದಿದ್ದ ಇಂದೂಬಾಯಿಗೆ ಗಂಡನ ಬುದ್ಧಿ ಗೊತ್ತು. ನಳದ ಹಿಂದೆ ಕೈ ಹಾಕಿದ ಕೂಡಲೇ ಬೂಟು ಸಿಕ್ಕಿತು, ಆದರೆ ಅಷ್ಟರಲ್ಲಿ ಗಂಡ ಮಾಯ. ಸರಿ, ಸೈಕಲ್ಲು ಮುಗಿಸಿ ಬರಲಿ ಎಂದು ಕಾದರು. ಬಹಳ ಹೊತ್ತಿನ ಮೇಲೆ ಬಿಳಿ ಟೋಪಿ ಹಾಕಿದ ಒಂದು ಹೊಟ್ಟೆ ಸೈಕಲ್ಲಿಳಿದು ಓಟಕ್ಕೆ ಹೊರಟಿತು. ಹಿಂದಿನಿಂದ ಸಾಕ್ಷಾತ್ ಮಾರ್ತಾಂಡರಾಯರೇ. ಇಂದೂಬಾಯಿ ಸೆರಗು ಸಿಕ್ಕಿಸಿ, ಬೂಟು ಎತ್ತಿ ಹಿಡಿದು, "ನಿಂದರ್ರಿ, ನಿಂದರ್ರಿ" ಎನ್ನುತ್ತ ಬೆನ್ನಟ್ಟಿದರು. ಆ ಬಡಪಾಯಿ ಯಾರೋ ಪರ ಗೃಹಸ್ಥ. ಸೀರೆಯುಟ್ಟ ಹೆಂಗಸು ಬೂಟು ಝಳಪಿಸುತ್ತ ಬರುವುದನ್ನು ಕಂಡು ಅವನು ಹುಟ್ಟಿದ ಮೇಲೆ ಓಡದಷ್ಟು ಜೋರಾಗಿ ಓಡಿದ. ದಿನಾ ಗುಡ್ಡ ಹತ್ತುವ ಕಾಲುಗಳೂ ಬಿಡಲಿಲ್ಲ. ಕೊನೆಯ ಗೆರೆಯನ್ನು ಇಬ್ಬರೂ ಒಬ್ಬರ ಬೆನ್ನಿಗೆ ಒಬ್ಬರು ದಾಟಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೋ ಬಂದು ಇಬ್ಬರ ಕೊರಳಿಗೂ ಪದಕ ಹಾಕಿಬಿಟ್ಟರು.

ಮೂಗಿನ ಮೇಲೆ ಕನ್ನಡಕ ಕೂತಾಗ ರಾಯರಿಗೆ ಎಚ್ಚರವಾಯಿತು. ಕೌದಿಯಾಚೆ ಮೊದಲು ಸ್ಪಷ್ಟವಾಗಿ ಕಂಡದ್ದು ಪದಕ. ಅದರ ಮೇಲೆ ಹೆಂಡತಿಯ ಮುಖ, ಪಕ್ಕದಲ್ಲಿ ಸಾಕ್ಷಿ ವಿನೀತ.

"ಯಾರದಿದು?"

"ನಂದ್ರಿ."

ಮೂರನೆಯ ಸಿಡಿಲಿನ ಬಿಸಿ ಆರಲು ಸ್ವಲ್ಪ ಹೊತ್ತು ಬೇಕಾಯಿತು. ಆರಿದ ಮೇಲೆ ರಾಯರೊಳಗಿನ ವಿಮಾ ಅಧಿಕಾರಿ ಎದ್ದು ಕೂತ. ಗೆರೆ ದಾಟಿದ ಬೂಟು ಯಾರದು? ಅವರದು. ಅಂದಮೇಲೆ ಅವರ ಎಡಗಾಲಿನ ಮಟ್ಟಿಗಾದರೂ ಸ್ಪರ್ಧೆ ಮುಗಿದಂತೆಯೇ ಎಂದು ಕರಾರಿನ ಕಲಮುಗಳ ಸಮೇತ ವಾದಿಸಿದರು.

ಇಂದೂಬಾಯಿ ಸಮಾಧಾನದಿಂದ ಕೇಳಿದರು. "ಖರೇ ಅದರಿ. ಹಂಗಾದ್ರ ಎಡಗಾಲು ಕೌದ್ಯಾಗ ಮಲಗಲಿ. ಬಲಗಾಲಷ್ಟ ನನ್ನ ಕೂಡ ಗುಡ್ಡಕ್ಕ ಬರಲಿ."

ಮರುದಿನ ನಸುಕಿನಲ್ಲಿ ರಾಯರು ಕಣ್ಣು ಬಿಟ್ಟರೆ ಕೌದಿ ಮೈಮೇಲಿರಲಿಲ್ಲ. ಮಂಚದ ಬುಡದಲ್ಲಿ, ಲಾಡಿ ಸಡಿಲಿಸಿಕೊಂಡು, ಎಡ ಬಲ ಎರಡೂ ಬೂಟು ಜೋಡಿಯಾಗಿ ಕಾಯುತ್ತಿದ್ದವು. ರಾಯರು ಆಸೆಯಿಂದ ಬಾಗಿಲ ಕಡೆ ನೋಡಿದರು. ಬೇಕಾದಾಗ ಒಬ್ಬ ಕಳ್ಳನೂ ಬರುವುದಿಲ್ಲ.