ಮಂಡಿಯೂರಿದವಳ ಎತ್ತರ

ಲುಬ್ವಾಮ: ಉದ್ದ ಸಾಲಲ್ಲ ಅಂದ್ನಲ್ಲಮ್ಮ. ಇನ್ನೊಂದು ಮೊಳ ಬಿಡೋಕೆ ಹೇಳು.

ನಬ್ಬೋಸಾ: ಇನ್ನೊಂದು ಮೊಳ ಬಿಟ್ರೆ ಅದು ಗೋಮೆಸಿ ಆಗಲ್ಲ ಮಾವ, ಡೇರೆ ಆಗುತ್ತೆ. ಮದುವೆಗೆ ಬಂದೋರೆಲ್ಲ ಅದರೊಳಗೇ ಕೂತು ಊಟ ಮಾಡಬಹುದು.

ಮಸಾಕಾ ಪೇಟೆಯ ದರ್ಜಿ ಅಂಗಡಿಯ ಜಗಲಿ. ರೇಡಿಯೋ ರಿಪೇರಿಯ ಲುಬ್ವಾಮನಿಗೆ ಹುಟ್ಟಿನಿಂದಲೂ ಕಣ್ಣು ಕಾಣದು. ನಬ್ಬೋಸಾ ಚರ್ಚಿನ ಸ್ವಯಂಸೇವಕರ ಗುಂಪಿನವಳು. ವಾರಕ್ಕೊಂದು ಮಧ್ಯಾಹ್ನ ಅವನ ಜೊತೆ ಪೇಟೆ ಸುತ್ತಿ, ಕಂಡದ್ದನ್ನು ಹೇಳುವುದು ಅವಳ ಪಾಲಿನ ಸೇವೆ. ಶನಿವಾರ ಅವನ ಸೋದರತ್ತೆ ಹೆಣ್ಣು ಕೇಳಲು ಹೋಗುವವಳಿದ್ದಳು. ಸುಟ್ಟ ಬಾಳೆಹಣ್ಣು ಮಾರುವ ನಾಂಟೊಂಗೊಳೇ ಹೆಣ್ಣು. ಉಡುಗೊರೆಯ ಗೋಮೆಸಿ ನಿಲುವಂಗಿ ಇವತ್ತೇ ಕತ್ತರಿಸಬೇಕು. ದರ್ಜಿ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಯಾರ ಪಕ್ಷವನ್ನೂ ವಹಿಸಲಿಲ್ಲ.

ಲುಬ್ವಾಮ: ಅವಳು ತಾಳೆಮರ ಕಣೇ. ಮಂಚ ಆಗಲೇ ಉದ್ದ ಮಾಡಿಸಿದೀನಿ. ಬಾಗಿಲ ಮೇಲಿನ ಗೋಡೆ ನಾಳೆ ಒಡೆಸ್ತೀನಿ.

ನಬ್ಬೋಸಾ: ಯಾರು, ನಾಂಟೊಂಗೊನಾ? ಬಾಳೆಹಣ್ಣು ಮಾರೋ ನಾಂಟೊಂಗೊ?

ಲುಬ್ವಾಮ: ಊರಲ್ಲಿ ಇನ್ನೆಷ್ಟು ಜನ ನಾಂಟೊಂಗೊ ಕಾಯ್ತಾ ಇದಾರೆ, ನನ್ನ ಮದುವೆ ಆಗೋಕೆ?

ನಬ್ಬೋಸಾ: ತಾಳೆಮರ ಅಂತ ಯಾರು ಹೇಳಿದ್ರು?

ಲುಬ್ವಾಮ: ಯಾರೂ ಹೇಳಬೇಕಿಲ್ಲ, ಲೆಕ್ಕ ಹಾಕಿದೆ. ನಮಸ್ಕಾರ ಹೇಳುವಾಗ ಅವಳ ದನಿ ನನ್ನ ಎದೆಮಟ್ಟದಿಂದ ಬರುತ್ತೆ. ಮಂಡಿಯೂರಿದಾಗಲೇ ಎದೆಮಟ್ಟ. ಎದ್ದು ನಿಂತ್ರೆ ಎಲ್ಲಿಗೆ ಹೋಗುತ್ತೆ, ನೀನೇ ಹೇಳು.

ಗಂಡಸರಿಗೆ ನಮಸ್ಕಾರ ಹೇಳುವಾಗ ಹೆಂಗಸರು ಮಂಡಿಯೂರುವುದು ಊರ ಹಳೆಯ ವಾಡಿಕೆ, ಸರಿ. ಆದರೆ ನಾಂಟೊಂಗೊ ಇವತ್ತಿನವರೆಗೆ ಯಾರ ಮುಂದೆಯೂ ಮಂಡಿಯೂರಿದವಳಲ್ಲ. ಅವಳು ನಿಂತೇ ಇರುತ್ತಿದ್ದಳು. ಕುಳ್ಳಿ, ಅಷ್ಟೇ.

ಲುಬ್ವಾಮ: ಈಗಿನ ಕಾಲದಲ್ಲಿ ಪೇಟೆ ಹೆಂಗಸರು ಯಾರು ಮಂಡಿಯೂರ್ತಾರೆ? ನೀನೇ ಮಂಡಿಯೂರಲ್ಲ. ಅವಳು ಮಾತ್ರ ಒಂದು ದಿನ ತಪ್ಪಿಸಿಲ್ಲ, ಆ ಕೆಂಡದ ಪಕ್ಕ, ಆ ಧೂಳಲ್ಲಿ. ಕುರುಡ ಅಂತ ಎಲ್ಲರೂ ಕನಿಕರ ತೋರಿಸಿದ್ರು. ಮರ್ಯಾದೆ ಕೊಟ್ಟವಳು ಅವಳೊಬ್ಬಳೇ. ಅದಕ್ಕೇ ಮನಸ್ಸು ಕೊಟ್ಟೆ.

ಹೇಳಿದರೆ ಮದುವೆ ಮುರಿಯುತ್ತದೆ, ಹೇಳದಿದ್ದರೆ ಗೋಡೆ ಒಡೆಯುತ್ತದೆ.

ನಬ್ಬೋಸಾ: ಮಾವ, ಗಿಡ್ಡಕ್ಕೇ ಹೊಲಿಸೋಣ. ಒಗೆದ್ರೆ ಹಿಗ್ಗೋ ಬಟ್ಟೆ ಇದು.

ಲುಬ್ವಾಮ: ಎಷ್ಟು ಹಿಗ್ಗುತ್ತೆ?

ನಬ್ಬೋಸಾ: ಎರಡು... ಎರಡು ಮೊಳ.

ಲುಬ್ವಾಮ: ಬಟ್ಟೆನೋ ರಬ್ಬರ್ರೋ? ಸುಳ್ಳು ಹೇಳುವಾಗ ನೀನು ನಿಧಾನ ಆಗ್ತೀಯ ಕಣೇ. ಕಂಡದ್ದು ಹೇಳೋಕೆ ತಾನೇ ಸೇವೆಗೆ ಬಂದಿದ್ದು? ಹೇಳು.

ನಬ್ಬೋಸಾ: ಅವಳು ಮಂಡಿಯೂರಲ್ಲ ಮಾವ. ಪಾದ್ರಿ ಬಂದ್ರೂ ಊರಲ್ಲ. ನಿಂತ್ರೇನೇ ನಿಮ್ಮ ಎದೆಮಟ್ಟ.

ಲುಬ್ವಾಮ: ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?

ನಬ್ಬೋಸಾ: ನೀವು ಕೇಳಲಿಲ್ಲ. ಕೇಳದೆ ಏನೂ ಹೇಳಬಾರದು ಅಂತ ತರಬೇತಿಯಲ್ಲಿ ಹೇಳ್ಕೊಟ್ಟಿದಾರೆ.

ಲುಬ್ವಾಮ: ಹೋದ ವಾರ ನನ್ನ ಅಂಗಿ ನೋಡಿ, ಹೆಣಕ್ಕೆ ಸುತ್ತೋ ಮರದ ತೊಗಟೆಯ ಬಟ್ಟೆ ಥರ ಇದೆ ಅಂದ್ಯಲ್ಲ, ಅದನ್ನ ಯಾರು ಕೇಳಿದ್ರು?

ಬೈದನೇನೋ ಸರಿ, ಆದರೆ ಅವನ ಮುಖ ಬಾಡಿಹೋಗಿತ್ತು. ತಡಕಾಡಿ ಕೋಲು ಹಿಡಿದು ಎದ್ದ.

ಲುಬ್ವಾಮ: ಅತ್ತೆಗೆ ಹೇಳಿಬಿಡು. ಶನಿವಾರ ಹೋಗೋದು ಬೇಡ.

ನಾಂಟೊಂಗೊ: ಯಾಕೆ ಬೇಡ?

ಬಾಳೆಹಣ್ಣಿನ ತಟ್ಟೆ ಹೊತ್ತು ಜಗಲಿಗೆ ಬಂದವಳ ಕಿವಿಗೆ ಆ ಕೊನೆಯ ಮಾತಷ್ಟೇ ಬಿದ್ದಿತ್ತು. ದನಿ ಎಂದಿನಂತೆ ಎದೆಮಟ್ಟದಿಂದಲೇ ಬಂತು, ಸಿಟ್ಟು ಮಾತ್ರ ಆಳೆತ್ತರ ಇತ್ತು.

ನಾಂಟೊಂಗೊ: ಅಮ್ಮನ ಜೊತೆ ಜಗಳ ಆಡಿ ಒಪ್ಪಿಸಿದೀನಿ ನಾನು. ಕಣ್ಣಿಲ್ಲದವನನ್ನ ಯಾಕೆ ಕಟ್ಕೊತೀಯ ಅಂದ್ಲು. ಈ ಕುಳ್ಳಿ ಮುಂದೆ ದಿನಾ ಸೊಂಟ ಬಗ್ಗಿಸಿ ಮಾತಾಡಿಸೋ ಗಂಡಸು ಇಡೀ ಮಸಾಕಾದಲ್ಲಿ ಅವನೊಬ್ಬನೇ ಅಂದೆ. ಅಷ್ಟಕ್ಕೇ ಅಮ್ಮ ಬಾಯಿ ಮುಚ್ಚಿದ್ಲು.

ಅವಳು ಮಂಡಿಯೂರಿದ್ದಾಳೆ ಎಂದುಕೊಂಡು, ಮಾತು ಸರಿಯಾಗಿ ಕೇಳಲಿ ಎಂದು ಲುಬ್ವಾಮ ದಿನವೂ ಬಗ್ಗುತ್ತಿದ್ದದ್ದು ನಬ್ಬೋಸಾಳಿಗೆ ಈಗಷ್ಟೇ ಹೊಳೆಯಿತು. ಬಾಯಿ ತೆರೆಯಲು ಹೋದವಳ ಕಾಲನ್ನು ಕೋಲಿನ ತುದಿ ಮೆಲ್ಲಗೆ ತಿವಿಯಿತು.

ಲುಬ್ವಾಮ (ಪಿಸುದನಿಯಲ್ಲಿ): ತರಬೇತಿಯಲ್ಲಿ ಏನೋ ಹೇಳ್ಕೊಟ್ರು ಅಂದ್ಯಲ್ಲ, ಏನದು?

ನಬ್ಬೋಸಾ: ಕೇಳದೆ ಏನೂ ಹೇಳಬಾರದು ಅಂತ.

ಅವನು ನಾಂಟೊಂಗೊಳ ದನಿಯತ್ತ ತಿರುಗಿ, ಎಂದಿಗಿಂತ ಒಂದು ಗೇಣು ಹೆಚ್ಚೇ ಬಗ್ಗಿ ನಮಸ್ಕಾರ ಹೇಳಿದ. ದರ್ಜಿ ಬಟ್ಟೆಯನ್ನು ಗಿಡ್ಡಕ್ಕೆ ಮಡಚಿ ಕತ್ತರಿ ಹಾಕಿದ.

ಲುಬ್ವಾಮ (ಬಗ್ಗಿದಲ್ಲಿಂದಲೇ): ಒಳ್ಳೇ ತರಬೇತಿ ಕಣಮ್ಮ.