ಮೂರು ಇಂಚು ಬೆಳೆದ ವರ

ಉಮರ್ಗಾ ಬಸ್ ಸ್ಟ್ಯಾಂಡ್ ಎದುರು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟವನಿಗೆ ನಗೆಪಾಟಲಾಗಲು ಬೇರೆ ಮುಹೂರ್ತ ಬೇಕಿಲ್ಲ. ವಾರಕ್ಕೊಮ್ಮೆ ತಾನಾಗಿಯೇ ಕೂಡಿಬರುತ್ತದೆ.

೧. ಕಾವಲು

ವೆಬ್‌ಸೈಟಿನಲ್ಲಿ ಏನು ಬದಲಾದರೂ ಮೊಬೈಲಿನಲ್ಲಿ 'ಟಿಣ್' ಎನ್ನುವ ಸಾಧನವೊಂದಿದೆ. ಹೊಸ ನೌಕರಿಯ ಸುದ್ದಿ ಗಿರಾಕಿಗಳಿಗೆ ಮೊದಲು ನಾನೇ ಹೇಳಬೇಕೆಂದು ಅದನ್ನು ಒಂದು ನೇಮಕಾತಿ ಪುಟಕ್ಕೆ ಕಾವಲಿಟ್ಟೆ. ಮುಂಜಾನೆಯಿಂದ ಟಿಣ್, ಟಿಣ್. ತೆರೆದು ನೋಡಿದರೆ ಹೊಸದೇನೂ ಇಲ್ಲ. ಮಧ್ಯಾಹ್ನ ಗೊತ್ತಾಯಿತು: ಪುಟದ ಕೆಳಗೆ 'ಇದುವರೆಗೆ ನೋಡಿದವರು' ಎಂಬ ಅಂಕಿಯಿತ್ತು. ನಾನು ನೋಡಿದರೆ ಅದು ಏರುತ್ತಿತ್ತು, ಏರಿದ್ದಕ್ಕೆ ಮೊಬೈಲು ಟಿಣ್ ಎನ್ನುತ್ತಿತ್ತು, ಹಾಗೆಂದಿದ್ದಕ್ಕೆ ನಾನು ಮತ್ತೆ ನೋಡುತ್ತಿದ್ದೆ. ಅರ್ಧ ದಿನ ನನ್ನನ್ನು ನಾನೇ ಕಾದಿದ್ದೆ!

೨. ಬೆಳವಣಿಗೆ

ಇದನ್ನು ಕೇಳಿ ಎಲ್ಲರೂ ನಕ್ಕರು, ಅಣ್ಣನ ಹೆಂಡತಿ, ನಮ್ಮ ವೈನಿ ಮಾತ್ರ ನಗಲಿಲ್ಲ. ತಮ್ಮ ಮಗಳಿಗಾಗಿ ವಧು-ವರರ ವೆಬ್‌ಸೈಟಿನಲ್ಲಿ ಉದಗೀರದ ಹುಡುಗನೊಬ್ಬನನ್ನು ನೋಡಿಟ್ಟಿದ್ದರು.

"ಭಾವುಜೀ, ಆ ಹುಡುಗನ ಮ್ಯಾಲ ನಿಮ್ಮ ಟಿಣ್ ಕೂಡಸ್ರಿ. ಏನರೆ ಮುಚ್ಚಿಟ್ಟಿದ್ರ ಗೊತ್ತಾಗ್ಲಿ."

ಮೊದಲ ವಾರ ಟಿಣ್: ಅವನ ಎತ್ತರ ಐದಡಿ ಐದಿಂಚು ಇದ್ದದ್ದು ಆರಿಂಚಾಗಿತ್ತು. ಮುಂದಿನ ವಾರ ಏಳು. ಆಮೇಲೆ ಎಂಟು. ತೊಂಬತ್ಮೂರರ ಭೂಕಂಪದ ನಂತರ ಕಟ್ಟಿದ ನಮ್ಮ ಮನೆಯ ಬಾಗಿಲು ಗಿಡ್ಡ. ಅಳಿಯ ಹೀಗೇ ಬೆಳೆದರೆ ಗೋಡೆ ಒಡೆಸಬೇಕಾಗುತ್ತದೆ ಎಂದೆ.

ಹುಡುಗಿ ನಗಲಿಲ್ಲ. ಫೋಟೋ ನೋಡಿಯೇ ಮನಸ್ಸು ಕೊಟ್ಟಿದ್ದಳು ಪಾಪ.

"ಗಿಡ್ಡ ಇದ್ರ ನಡೀತದ ಕಾಕಾ, ಸುಳ್ಳ ಹೇಳಾಂವ ನಡ್ಯಂಗಿಲ್ಲ. ಕರೀರಿ ಮನಿಗೆ, ಎದುರಿಗೇ ಕೇಳ್ತೀನಿ."

೩. ಅವಲಕ್ಕಿ

ಹುಡುಗ ತಾಯಿಯೊಡನೆ ಬಂದ. ಬಾಗಿಲಲ್ಲಿ ಬಗ್ಗಲೇ ಇಲ್ಲ. ಅವಲಕ್ಕಿ ತಟ್ಟೆ ಕೈಗಿಡುತ್ತಲೇ ನಮ್ಮ ಹುಡುಗಿ ಕೇಳಿದಳು: "ಒಂದ ತಿಂಗಳದಾಗ ಮೂರ ಇಂಚ ಹ್ಯಾಂಗ ಬೆಳದ್ರಿ?"

"ನೀವ್ ಬೆಳದ್ರಲ್ರಿ, ಅದಕ್ಕ!" ಎಂದ. "ನಿಮ್ಮ ಪುಟದ ಮ್ಯಾಲ ನಾ ಟಿಣ್ ಅನ್ನೂ ಕಾವಲು ಇಟ್ಟೀನಿ. ನೀವು ಐದಡಿ ನಾಕ ಇದ್ದಾಕಿ ಐದಡಿ ಐದ ಆದ್ರಿ. ಗಂಡ ಒಂದ ಇಂಚರೆ ಹೆಚ್ಚ ಇರಬೇಕಂತ ನಮ್ಮವ್ವ ನಂದೂ ಏರಿಸಿದ್ಲು. ನೀವು ಮತ್ತ ಏರಿದ್ರಿ."

ಎಲ್ಲರೂ ವೈನಿಯ ಮುಖ ನೋಡಿದೆವು. ಮಗಳ ಪುಟ ಇದ್ದದ್ದು ಅವರ ಮೊಬೈಲಿನಲ್ಲೇ.

"ಮೊದಲಿನ ಇಂಚ ಅಷ್ಟ ನಂದು, ಆಮ್ಯಾಲಿಂದು ಅಂವಾ ಏರಿದ್ದಕ್ಕ ನಾನೂ ಏರಿಸ್ದೆ," ಎಂದರು ವೈನಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ.

ಹುಡುಗಿ ನಗು ತಡೆಯಲಾಗದೆ ಒಳಗೋಡಿದಳು. ಹುಡುಗ ಕಟ್ಟೆಗೆ ಎದ್ದುಹೋದ. ಅವನ ತಾಯಿ ಮಾತ್ರ ಬಿಗಿಯಾಗಿಯೇ ಕೂತಿದ್ದರು. "ಟೇಪ್ ತರ್ರಿ. ಇಬ್ಬರನ್ನೂ ಅಳದ ಮ್ಯಾಲ ಮುಂದಿನ ಮಾತು."

ಟೇಪ್ ತಂದು ಕೊಡುವಷ್ಟರಲ್ಲಿ ನನ್ನ ಮೊಬೈಲು ಟಿಣ್ ಎಂದಿತು. ಹುಡುಗನ ಪುಟ ಬದಲಾಗಿತ್ತು. ಎಲ್ಲರಿಗೂ ಕೇಳುವಂತೆ ಓದಿದೆ: "ಎತ್ತರ ಐದಡಿ ಐದಿಂಚು. ಮದುವೆ ಗೊತ್ತಾಗಿದೆ."

ಅಷ್ಟರಲ್ಲಿ ಹೊರಗೆ ಕಟ್ಟೆಯ ಮೇಲೂ ಟಿಣ್. ವೈನಿ ತಮ್ಮ ಮೊಬೈಲಿಗಾಗಿ ಸುತ್ತ ತಡಕಾಡಿದರು. ಅದು ಅಡುಗೆಮನೆಯಲ್ಲಿ, ತನ್ನ ಪುಟವನ್ನೂ ತಿದ್ದಿ ಮುಗಿಸಿದ ಮಗಳ ಕೈಯಲ್ಲಿತ್ತು.

"ಇನ್ನ ನಾವೇನ್ ಮಾತಾಡೂದ್ರಿ?" ಎಂದರು ವೈನಿ.

ಹುಡುಗನ ತಾಯಿ ಟೇಪ್ ಸುತ್ತಿ ತಮ್ಮ ಚೀಲದಲ್ಲೇ ಹಾಕಿಕೊಂಡರು. "ಏನಿಲ್ಲ ಬೀಗತೇರ, ಇದು ನನ್ನ ಹತ್ರಾನೇ ಇರ್ಲಿ. ನಿಮ್ಮ ಕೈಯಾಗ ಕೊಟ್ರ ಮದವಿ ಹಂದರಾನೂ ಬೆಳಸ್ತೀರಿ."