ಬ್ಯಾಂಕ್ ಪಟ್ಟಿಯ ಎರಡು ಸಾಲು

ಬ್ಯಾಂಕಿನಿಂದ ಬಂದ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಒಂದರ ಕೆಳಗೊಂದು ಎರಡು ಸಾಲುಗಳಿದ್ದವು. ಮೊದಲನೆಯದು, ಮೋಟಾರು ವಾಹನ ಕಚೇರಿಗೆ ಮೂವತ್ನಾಲ್ಕು ಡಾಲರ್. ಎರಡನೆಯದು, ಹೆಸರೇ ಕೇಳದ ಯಾವುದೋ ದೂರದೂರಿನ ಕಂಪನಿಗೆ ಒಂದೂಕಾಲು ಡಾಲರ್. ಡ್ವೇನ್ ಪಿಕೆಟ್ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ. ಸಾಲುಗಳು ಅಲ್ಲೇ ಇದ್ದವು.

ಟಾಲಿವರ್ ಎಂಬ ಗೋಧಿ ಬೆಳೆಯುವ ಊರಿನ ಗೋದಾಮಿನಲ್ಲಿ ಮೂವತ್ತೊಂದು ವರ್ಷ ಲಾರಿ ತೂಗಿ ನಿವೃತ್ತನಾದವನು ಡ್ವೇನ್. ಲೆಕ್ಕದಲ್ಲಿ ಒಂದು ಚೀಲ ಹೆಚ್ಚುಕಡಿಮೆಯಾದರೂ ಹೆದ್ದಾರಿ ಮುಟ್ಟಿದ ಲಾರಿಯನ್ನು ಹಿಂದಕ್ಕೆ ಕರೆಸಿ ತೂಗಿಸುತ್ತಿದ್ದವನು. ಈ ಎರಡು ಸಾಲನ್ನು ಸುಮ್ಮನೆ ನುಂಗಿಕೊಳ್ಳುವುದು ಅವನಿಂದ ಆಗುವ ಮಾತಾಗಿರಲಿಲ್ಲ.

ಹೆಂಡತಿ ಲವಾನ್ ಮಗಳ ಬಾಣಂತನಕ್ಕೆಂದು ವಿಮಾನ ಹತ್ತಿ ಹೋಗಿ ತಿಂಗಳಾಗುತ್ತ ಬಂದಿತ್ತು. ಮನೆಯಲ್ಲಿ ಇದ್ದದ್ದು ಅವನು ಮತ್ತು ಅವನ ಅತ್ತೆ ಓಪಲ್. ಬೆಳಗಿನ ತಿಂಡಿಗೆ ಎಂಬತ್ತೆರಡರ ಓಪಲ್ ಮೆತ್ತನೆಯ ಬನ್ನಿನಂಥ ಬಿಸ್ಕತ್ತಿನ ಮೇಲೆ ಗ್ರೇವಿ ಸುರಿದು ಅವನ ಮುಂದೆ ತಟ್ಟೆ ಇಟ್ಟಳು.

"ಬಿಡಪ್ಪ ಅತ್ಲಾಗೆ. ಯಾವ್ದೋ ಸರ್ಕಾರದ ಖರ್ಚು" ಎಂದಳು.

"ದುಡ್ಡಿನ ಮಾತಲ್ಲ ಅತ್ತೆ. ಯಾಕೆ ಹೋಯ್ತು ಅಂತ ಗೊತ್ತಾಗ್ಬೇಕು."

"ಗೊತ್ತಾಗಿ ಏನು ಮಾಡ್ತೀಯ? ತಿನ್ನು, ಆರಿಹೋಗುತ್ತೆ."

ಡ್ವೇನ್ ಅರ್ಧ ತಿಂದು ಎದ್ದ. ಅಂಗಳದಲ್ಲಿದ್ದ ಪಿಕಪ್ಪಿನ ಹಿಂದೆ ಮಂಡಿಯೂರಿ ನಂಬರ್ ಪ್ಲೇಟಿಗೆ ಅಂಟಿಸಿದ್ದ ವಾರ್ಷಿಕ ನೋಂದಣಿಯ ಚೀಟಿ ನೋಡಿದ. ನವೆಂಬರಿನ ತನಕ ಗಡುವಿತ್ತು. ಅಂದರೆ ವಾಹನ ಕಚೇರಿಗೆ ಅವನು ದುಡ್ಡು ಕಟ್ಟುವ ಕಾರಣವೇ ಇರಲಿಲ್ಲ. ಅವನು ಮಂಡಿಯ ಮಣ್ಣು ಕೊಡವುವಷ್ಟರಲ್ಲಿ ಬೇಲಿಯ ಮೇಲೆ ಪಕ್ಕದ ಮನೆಯ ಗಾರ್ಲಂಡ್ ಟಿಬ್ಸ್‌ನ ತಲೆ ಕಾಣಿಸಿತು. ಹಿಂದಿನ ವಾರವಷ್ಟೇ ಪೊರೆ ತೆಗೆಸಿಕೊಂಡಿದ್ದರಿಂದ ಅವನ ಒಂದು ಕಣ್ಣಿಗೆ ಪಟ್ಟಿ ಇತ್ತು. ಉಳಿದ ಒಂದೇ ಕಣ್ಣಿನಲ್ಲಿ ಅವನು ಎರಡು ಕಣ್ಣಿನ ಕೆಲಸ ಮಾಡುತ್ತಿದ್ದ.

ವಿಷಯ ಕೇಳಿ ಗಾರ್ಲಂಡನಿಗೆ ಹಬ್ಬದೂಟ ಸಿಕ್ಕಂತಾಯಿತು. ಕಳ್ಳರು ಮೊದಲು ಸಣ್ಣ ಮೊತ್ತ ಎಳೆದು ನೋಡುತ್ತಾರೆ, ಆ ಒಂದೂಕಾಲು ಡಾಲರ್ ಅದೇ ಎಂದ. ಮೂವತ್ನಾಲ್ಕರಲ್ಲಿ ನಿನ್ನ ಹೆಸರಿಗೆ ಒಂದು ಕಾರು ದಾಖಲಾಗಿದೆ ಎಂದ. ನಾಳೆ ಆ ಕಾರು ಯಾರದ್ದೋ ಕಾಲ ಮೇಲೆ ಹತ್ತುತ್ತದೆ, ನಾಡಿದ್ದು ಪೊಲೀಸರು ನಿನ್ನ ಮನೆಯ ಮೆಟ್ಟಿಲು ಹತ್ತುತ್ತಾರೆ ಎಂದ. ಕಾರಿನ ಬಣ್ಣ ಒಂದನ್ನು ಬಿಟ್ಟು ಎಲ್ಲವನ್ನೂ ಹೇಳಿದ. ಅರ್ಧ ಗಂಟೆಯಲ್ಲಿ ಚರ್ಚಿನ ಇಬ್ಬರು ಹೆಂಗಸರು ಫೋನ್ ಮಾಡಿ ಡ್ವೇನನಿಗೆ ಸಮಾಧಾನ ಹೇಳಿದರು.

ಬ್ಯಾಂಕು, ವಾಹನ ಕಚೇರಿ ಎರಡೂ ಇದ್ದದ್ದು ಹದಿನೆಂಟು ಮೈಲಿ ಆಚೆಯ ಜಿಲ್ಲಾ ಪಟ್ಟಣದಲ್ಲಿ. ಊಟ ಮುಗಿಸಿ ಡ್ವೇನ್ ಪಿಕಪ್ ಹತ್ತಿದಾಗ ಗಾರ್ಲಂಡ್ ಕರೆಯದೆಯೇ ಬಂದು ಪಕ್ಕದಲ್ಲಿ ಕುಳಿತಿದ್ದ. ಇಂಥ ಕೆಲಸಕ್ಕೆ ಸಾಕ್ಷಿ ಬೇಕಾಗುತ್ತದೆ ಎಂಬುದು ಅವನ ವಾದ.

ಬ್ಯಾಂಕಿನಲ್ಲಿದ್ದ ಹೆಂಗಸು ಸ್ಟೇಟ್‌ಮೆಂಟಿನ ಮೇಲೆ ಬೆರಳಿಟ್ಟು ನಿಧಾನವಾಗಿ ವಿವರಿಸಿದಳು. ಎರಡೂ ಸಾಲು ಒಂದೇ ವ್ಯವಹಾರದ್ದು. ಮೂವತ್ನಾಲ್ಕು ಕಚೇರಿಯ ಶುಲ್ಕ. ಒಂದೂಕಾಲು, ಅಲ್ಲಿ ಕಾರ್ಡ್ ಉಜ್ಜುವ ಯಂತ್ರ ನಡೆಸುವ ಕಂಪನಿಯದ್ದು. ಆ ಕಂಪನಿ ಬೇರೆ ಊರಿನಲ್ಲಿರುವುದರಿಂದ ಆ ಊರಿನ ಹೆಸರು ಬಂದಿದೆ. ಕಳ್ಳತನದ ಹಾಗೆ ತನಗೆ ಕಾಣುವುದಿಲ್ಲ, ಆದರೆ ಯಾವ ಕೆಲಸಕ್ಕೆ ಕಟ್ಟಿದ್ದು ಎಂಬುದು ಕಚೇರಿಯವರಿಗೇ ಗೊತ್ತು.

ಡ್ವೇನನಿಗೆ ಅರ್ಧ ಸಮಾಧಾನವಾಯಿತು. ಗಾರ್ಲಂಡ್ ಅದನ್ನು ಉಳಿಯಗೊಡಲಿಲ್ಲ.

"ಕಾರ್ಡ್ ಬಂದ್ ಮಾಡ್ಸು. ನೀನು ಆ ಕಚೇರೀಲಿ ಕೂತಿರೋವಾಗ್ಲೇ ಅವ್ನು ಒಂದು ಟ್ರ್ಯಾಕ್ಟರ್ ತಗೊಂಡ್ರೆ?"

ಮೊದಲು ವಿಚಾರಿಸಿ, ಆಮೇಲೆ ಬೇಕಾದರೆ ಬಂದ್ ಮಾಡೋಣ ಎಂದಳು ಆಕೆ. ಡ್ವೇನ್ ಒಪ್ಪಲಿಲ್ಲ. ಮಾಡುವುದಾದರೆ ಪೂರ್ತಿ ಮಾಡಬೇಕು. ಆಕೆ ಎರಡು ಗುಂಡಿ ಒತ್ತಿದಳು, ಕಾರ್ಡ್ ಸತ್ತಿತು. ಹೊಸದು ಬರಲು ಹತ್ತು ದಿನ.

ವಾಹನ ಕಚೇರಿಯಲ್ಲಿ ಅವನಿಗೆ ಸಿಕ್ಕಿದ್ದು ಎಪ್ಪತ್ನಾಲ್ಕನೇ ಚೀಟಿ. ಗೋಡೆಯ ಮೇಲೆ ಮಿನುಗುತ್ತಿದ್ದದ್ದು ನಲವತ್ತೊಂದು. ಎರಡು ಗಂಟೆ ಹೊತ್ತು ಅವರು ಪ್ಲಾಸ್ಟಿಕ್ ಕುರ್ಚಿಗೆ ಅಂಟಿಕೊಂಡು ಕುಳಿತರು. ಅಷ್ಟರಲ್ಲಿ ಗಾರ್ಲಂಡ್ ಇಡೀ ಕೋಣೆಗೆ ಕತೆ ಹಂಚಿದ್ದ. ಮೀನು ಹಿಡಿಯುವ ದೋಣಿಯ ಕಾಗದಕ್ಕೆ ಬಂದಿದ್ದವನೊಬ್ಬ ವಕೀಲರನ್ನು ಹಿಡಿ ಎಂದ. ಕೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದವಳು ತನ್ನ ಭಾವನಿಗೂ ಹೀಗೇ ಆಗಿತ್ತು, ಈಗ ಊರು ಬಿಟ್ಟಿದ್ದಾನೆ ಎಂದಳು. ಸ್ವಂತ ಕೆಲಸಕ್ಕೆ ಬಂದು ಕೊನೆಯ ಸಾಲಿನಲ್ಲಿ ಕುಳಿತಿದ್ದ ಶೆರಿಫ್ ಕಚೇರಿಯ ಪೊಲೀಸಿನವನೊಬ್ಬ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಳ್ಳುತ್ತಿದ್ದ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅವನ ಸರದಿ ಬಂತು. ಕೌಂಟರಿನಲ್ಲಿ ಕುಳಿತಿದ್ದ ಶ್ರೀಮತಿ ಕೆಚಮ್ ಸ್ಟೇಟ್‌ಮೆಂಟ್ ನೋಡಿದ ಕೂಡಲೇ, ಮೂವತ್ನಾಲ್ಕು ಅಂದರೆ ಕಾರಿನ ಶುಲ್ಕವಲ್ಲ, ಡ್ರೈವಿಂಗ್ ಲೈಸೆನ್ಸ್ ನವೀಕರಣದ್ದು ಎಂದಳು.

"ಯಾರ ಲೈಸೆನ್ಸು?" ಎಂದ ಡ್ವೇನ್.

"ಬೇರೆಯವ್ರದ್ದು ಹೇಳೋ ಹಾಗಿಲ್ಲ. ನಿಮ್ದೇನಾ ನೋಡ್ಬಹುದು. ಕೊಡಿ."

ಡ್ವೇನ್ ಪರ್ಸಿನಿಂದ ಲೈಸೆನ್ಸ್ ತೆಗೆದುಕೊಟ್ಟ. ಆಕೆ ಅದನ್ನು ಯಂತ್ರಕ್ಕೂ ತೋರಿಸಲಿಲ್ಲ.

"ಇಲ್ಲ, ನಿಮ್ದಲ್ಲ. ನಿಮ್ದು ಮೂರು ವಾರದ ಹಿಂದೇನೇ ಮುಗ್ದಿದೆ. ನಿಮ್ಮ ಹುಟ್ಟಿದಬ್ಬಕ್ಕೆ." ಆಕೆ ಕನ್ನಡಕದ ಮೇಲಿನಿಂದ ನೋಡಿದಳು. "ಇಲ್ಲಿಗೆ ಹೇಗೆ ಬಂದ್ರಿ?"

ಕೊನೆಯ ಸಾಲಿನ ಪೊಲೀಸಿನವನು ಟೋಪಿಯನ್ನು ತೊಡೆಯಿಂದ ತೆಗೆದು ತಲೆಗೆ ಇಟ್ಟುಕೊಂಡ.

ಈಗಲೇ ನವೀಕರಿಸಿ ಎಂದ ಡ್ವೇನ್. ಆಗಲಿ, ಮೂವತ್ನಾಲ್ಕು ಡಾಲರ್ ಎಂದಳು ಆಕೆ. ಕಾರ್ಡ್ ಸತ್ತು ಎರಡು ಗಂಟೆ ಮೀರಿತ್ತು. ಚೆಕ್ಕು ತೆಗೆದುಕೊಳ್ಳುವುದಿಲ್ಲ ಎಂಬ ಬೋರ್ಡು ಆಕೆಯ ತಲೆಯ ಮೇಲೇ ಇತ್ತು. ಬ್ಯಾಂಕು ನಾಲ್ಕಕ್ಕೆ ಬಾಗಿಲು ಹಾಕಿತ್ತು. ಡ್ವೇನನ ಜೇಬಿನಲ್ಲಿ ಹನ್ನೊಂದು ಡಾಲರ್ ಇತ್ತು. ಸಾಕ್ಷಿಯಾಗಿ ಬಂದಿದ್ದ ಗಾರ್ಲಂಡ್ ಆರು ಕೊಡಲು ತಯಾರಿದ್ದ.

ಹೊರಗೆ ಬಂದು ನೋಡಿದರೆ ಪೊಲೀಸಿನವನು ತನ್ನ ಕಾರಿಗೆ ಒರಗಿ ನಿಂತು, ಡ್ವೇನನ ಪಿಕಪ್ಪನ್ನು ಬಹಳ ಮೆಚ್ಚಿಕೊಂಡವನಂತೆ ನೋಡುತ್ತಿದ್ದ. ಡ್ವೇನ್ ಓಡಿಸುವಂತಿಲ್ಲ. ಗಾರ್ಲಂಡ್ ಓಡಿಸಿದರೆ ಅರ್ಧ ರಸ್ತೆಯೇ ಕಾಣುವುದಿಲ್ಲ. ಡ್ವೇನ್ ಮನೆಗೆ ಫೋನ್ ಮಾಡಿ, ಪಾದ್ರಿಗಳಿಗೆ ಹೇಳಿ ಚರ್ಚಿನ ವ್ಯಾನು ಕಳಿಸಲು ಓಪಲಳನ್ನು ಕೇಳಿಕೊಂಡ.

"ಅವ್ರಿಗ್ಯಾಕೆ ತೊಂದ್ರೆ" ಎಂದಳು ಓಪಲ್. "ನೀನು ನೆರಳಲ್ಲಿ ನಿಂತ್ಕೋ."

ಐವತ್ತು ನಿಮಿಷದ ಮೇಲೆ ಬಂದದ್ದು ವ್ಯಾನಲ್ಲ. ಲವಾನ್‌ಳ ಪುಟ್ಟ ನೀಲಿ ಕಾರು. ಸ್ಟಿಯರಿಂಗ್ ಚಕ್ರದ ಮೇಲೆ ಒಂದು ಬಿಳಿ ತಲೆ, ಎರಡು ಕಣ್ಣು, ಅಷ್ಟೇ. ಕಾರು ಎರಡು ಗೆರೆಗಳ ನಡುವೆ ಅಳೆದಿಟ್ಟಂತೆ ನಿಂತಿತು.

ಎರಡು ವರ್ಷದ ಹಿಂದೆ, ಇನ್ನು ಕಾರು ಓಡಿಸಬೇಡಿ ಎಂದು ಅತ್ತೆಯ ಕೈಯಿಂದ ಕೀ ತೆಗೆದುಕೊಂಡವನು ಡ್ವೇನನೇ. ಆಮೇಲೆ ಓಪಲಳ ಲೈಸೆನ್ಸಿನ ಗಡುವೂ ಮುಗಿದಿತ್ತು.

"ಅತ್ತೆ, ಪೊಲೀಸಿನವ್ರು ನಿಂತಿದಾರೆ. ಲೈಸೆನ್ಸ್ ಇಲ್ದೆ ಹೀಗೆ ಬಂದ್ರೆ" ಎಂದ ಡ್ವೇನ್ ದನಿ ತಗ್ಗಿಸಿ.

ಓಪಲ್ ಕೈಚೀಲದಿಂದ ಹೊಸ ಲೈಸೆನ್ಸ್ ತೆಗೆದು ಅವನ ಮುಂದೆ ಹಿಡಿದಳು. ಫೋಟೋದಲ್ಲಿ ಅವಳು ನಗುತ್ತಿದ್ದಳು.

"ಕಣ್ಣಿನ ಪರೀಕ್ಷೆ ಪಾಸು. ರಸ್ತೆ ಪರೀಕ್ಷೆನೂ ಪಾಸು. ಲವಾನ್ ಹೋಗೋ ಮುಂಚೆ ಕರ್ಕೊಂಡ್ಹೋಗಿದ್ಲು, ಕೀನೂ ಕೊಟ್ಟು ಹೋದ್ಲು. ಮಾತ್ರೆಗೆ ಅಂತ ನನ್ಗೊಂದು ಕಾರ್ಡ್ ಕೊಟ್ಟಿದ್ಯಲ್ಲ, ಅದ್ರಲ್ಲೇ ಕಟ್ದೆ. ಬೆಳಿಗ್ಗೆ ಹೇಳ್ದೆನಲ್ಲ, ಬಿಡು ಅಂತ."

"ನನ್ಹತ್ರ ಒಂದು ಮಾತು ಕೇಳ್ಬೋದಿತ್ತಲ್ಲ."

"ಚಳಿಗಾಲದಲ್ಲಿ ವಿಲ್ಮಾ ತೀರ್ಕೊಂಡಾಗ ಕರ್ಕೊಂಡು ಹೋಗು ಅಂತ ಕೇಳಿದ್ದೆ. ನಿನ್ಗೆ ಅವತ್ತು ಪುರುಸೊತ್ತಿರ್ಲಿಲ್ಲ. ನಲವತ್ತು ವರ್ಷದ ಗೆಳತಿ, ಮಣ್ಣಿಗೆ ಹೋಗೋಕಾಗ್ಲಿಲ್ಲ ನನ್ಗೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹತ್ತು. ಗಾರ್ಲಂಡ್ ಮುಂದೆ ಕೂತ್ಕೊಳ್ಲಿ. ಅವ್ನಿಗೆ ಹಿಂದೆ ಕೂತ್ರೆ ತಲೆ ಸುತ್ತುತ್ತೆ."

ಡ್ವೇನ್ ಹಿಂದಿನ ಸೀಟಿನಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕುಳಿತ. ಪೊಲೀಸಿನವನು ಟೋಪಿ ಮುಟ್ಟಿ ಓಪಲಳಿಗೆ ನಮಸ್ಕರಿಸಿದ. ಹದಿನೆಂಟು ಮೈಲಿ ಉದ್ದಕ್ಕೂ ಡ್ವೇನ್ ಅವಳ ಒಂದು ತಪ್ಪಿಗಾಗಿ ಹಟ ಹಿಡಿದು ಕಾದ. ತಿರುವಿನಲ್ಲಿ ದೀಪ ಹಾಕಲಿಲ್ಲವೇ ಎಂದು ನೋಡಿದ, ಹಾಕಿದ್ದಳು. ರೈಲ್ವೆ ಹಳಿಯ ಬಳಿ ನಿಲ್ಲಿಸಲಿಲ್ಲವೇ ಎಂದು ನೋಡಿದ, ನಿಲ್ಲಿಸಿ ಎರಡೂ ಕಡೆ ನೋಡಿದ್ದಳು. ಟಾಲಿವರಿನ ಮೊದಲ ಮನೆಗಳು ಕಂಡಾಗ ಅವನು ಕೈಚೆಲ್ಲಿದ.

"ಅತ್ತೆ, ನಾಳೆ ಸ್ವಲ್ಪ ಬ್ಯಾಂಕಿಗೂ ಕಚೇರಿಗೂ ಹೋಗ್ಬೇಕಿತ್ತು."

ಓಪಲ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ನಾಳೆ ಪುರುಸೊತ್ತಿಲ್ಲಪ್ಪ" ಎಂದಳು. "ಗುರುವಾರ ನೋಡೋಣ."